ನೀಲಿ ಕ್ಯಾನಿನ ಔಷಧಿ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ತಿಹೊಮಿರ್ ಆಡಿದ ಒಂದೇ ಒಂದು ಮಾತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವನಿಗೆ ಯಾರಾದರೂ ಮೊದಲೇ ಹೇಳಬೇಕಿತ್ತು. ಹೇಳಿದ್ದರೂ ಪ್ರಯೋಜನವಾಗುತ್ತಿರಲಿಲ್ಲ ಅನ್ನಿ. ರೂಜಾ ಅಜ್ಜಿ ಪ್ರಶ್ನೆ ಕೇಳಿದಾಗ ಬಾಯಿ ಮುಚ್ಚಿಕೊಂಡು ನಿಲ್ಲಬಲ್ಲ ಗಂಡಸು ಮೇಲಿನ ಲೆಸ್ಕಾ ಊರಿನಲ್ಲಿ ಇನ್ನೂ ಹುಟ್ಟಿಲ್ಲ.

ಅಜ್ಜಿ ಕೋಲೂರಿಕೊಂಡು ಊರಿನ ಕೊಳಚೆ ನೀರು ಶುದ್ಧಿ ಮಾಡುವ ಘಟಕವನ್ನು ನೋಡಲು ಬಂದಿದ್ದಳು. ತೊಟ್ಟಿಗಳ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕುರ್ಚಿಯಲ್ಲಿ ಕೂತಿದ್ದ ಘಟಕದ ಮೇಲ್ವಿಚಾರಕ ತಿಹೊಮಿರ್‌ನನ್ನು ಮೇಲಿಂದ ಕೆಳಗೆ ನೋಡಿದಳು.

"ಇಲ್ಲಿ ಕೆಲಸ ಮಾಡೋರು ಯಾರು ಮಗಾ? ನಿನ್ನ ಯಾವಾಗ ನೋಡಿದ್ರೂ ಕೂತೇ ಇರ್ತೀಯ."

"ಕೆಲಸ ಮಾಡೋದು ನಾನಲ್ಲ ಅಜ್ಜಿ, ಬ್ಯಾಕ್ಟೀರಿಯಾ. ಕಣ್ಣಿಗೆ ಕಾಣಲ್ಲ, ಅಷ್ಟು ಪುಟಾಣಿಗಳು. ನಾವು ಬಿಟ್ಟ ಹೊಲಸನ್ನೆಲ್ಲ ತಿಂದು ನೀರು ತಿಳಿ ಮಾಡ್ತವೆ. ಅವಕ್ಕೂ ಜೀವ ಇದೆ. ನಮ್ಮ ಹಾಗೇ ಹಸಿವಾಗತ್ತೆ, ಚಳಿ ಆಗತ್ತೆ."

"ಭಾನುವಾರಾನೂ ದುಡೀತವಾ?"

"ಭಾನುವಾರಾನೂ."

"ಹಬ್ಬದ ದಿನ?"

"ಆವತ್ತು ಕೆಲಸ ಇನ್ನೂ ಜಾಸ್ತಿ."

ಅಜ್ಜಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. ಅವಳ ಕಣ್ಣು ಒದ್ದೆಯಾಗಿತ್ತು. "ಇಷ್ಟೆಲ್ಲ ಮಾಡೋರಿಗೆ ನಾವು ಒಂದು ದಿನ ಒಂದು ತೊಟ್ಟು ಕೊಟ್ಟಿಲ್ವಲ್ಲೋ," ಎಂದಳು. ತಿಹೊಮಿರ್ ನಕ್ಕುಬಿಟ್ಟ. ನಗಬಾರದಿತ್ತು.

ಅಜ್ಜಿಯ ಕಣ್ಣೀರಿಗೆ ಅರ್ಥವಿತ್ತು. ಘಟಕ ಬರುವ ಮುನ್ನ ಊರಿನ ಪ್ರತಿ ಮನೆಯ ಹಿಂದೆಯೂ ಒಂದು ಗುಂಡಿ ಇತ್ತು. ಗುಂಡಿ ತುಂಬಿದಾಗ ತಿಹೊಮಿರ್ ತನ್ನ ಟ್ರ್ಯಾಕ್ಟರಿಗೆ ಟ್ಯಾಂಕರ್ ಕಟ್ಟಿಕೊಂಡು ಬಂದು ಹೀರಿಕೊಂಡು ಹೋಗುತ್ತಿದ್ದ. ಅವನು ಬರುವ ಸುದ್ದಿ ಅವನಿಗಿಂತ ಮೊದಲೇ ಮೂಗಿಗೆ ಮುಟ್ಟುತ್ತಿತ್ತು. ಚರ್ಚಿನಲ್ಲಿ ಅವನ ಅಕ್ಕಪಕ್ಕ ಯಾರೂ ನಿಲ್ಲುತ್ತಿರಲಿಲ್ಲ. ಗುಂಡಿಗಳಿಂದ ಸೋರಿದ್ದೆಲ್ಲ ಹಳ್ಳಕ್ಕೆ ಹೋಗಿ, ಹಳ್ಳ ಕಪ್ಪಾಗಿ, ಕೆಳಗಿನ ಲೆಸ್ಕಾದವರು ಈ ಊರಿಗೆ ಹೆಣ್ಣು ಕೊಡುವುದನ್ನೇ ನಿಲ್ಲಿಸಿದ್ದರು. ಈಗ ಅದೇ ಹಳ್ಳಕ್ಕೆ ಸೀಗಡಿಗಳು ಮರಳಿ ಬಂದಿದ್ದವು. ಹೆಂಗಸರು ಬೇಸಿಗೆಯಲ್ಲಿ ಕಂಬಳಿಗಳನ್ನು ಮತ್ತೆ ಹಳ್ಳಕ್ಕೇ ಒಯ್ದು ತೊಳೆದಿದ್ದರು. ಚರ್ಚಿನಲ್ಲಿ ತಿಹೊಮಿರ್‌ನ ಪಕ್ಕ ಜನ ನಿಂತಿದ್ದರು, ಒಬ್ಬಳಂತೂ ಅವನ ಹೆಗಲಿಗೆ ಒರಗಿದ್ದಳು. ಅದು ಹೆಂಡತಿ ದೆಸಾಂಕಾ, ನಿಜ. ಆದರೆ ಅವಳೂ ಅದುವರೆಗೆ ಒರಗಿದವಳಲ್ಲ.

ಆದರೆ ಘಟಕಕ್ಕೆ ಇನ್ನೂ ಕಾಯಂ ಪರವಾನಗಿ ಸಿಕ್ಕಿರಲಿಲ್ಲ. ನೀರಿನಲ್ಲಿ ಮಿಕ್ಕಿದ್ದೆಲ್ಲ ಹೋಗುತ್ತಿತ್ತು, ನೈಟ್ರೇಟ್ ಎಂಬ ಒಂದು ಮಾತ್ರ ಊಟ ಮುಗಿದ ಮೇಲೂ ಏಳದ ನೆಂಟನ ಹಾಗೆ ಉಳಿದುಕೊಳ್ಳುತ್ತಿತ್ತು. ಎರಡು ಸಲ ಪರೀಕ್ಷೆಯಾಗಿ ಎರಡು ಸಲವೂ ಫೇಲು. ಮೂರನೆಯದೇ ಕೊನೆಯದು. ಅದರಲ್ಲೂ ಫೇಲಾದರೆ ಘಟಕಕ್ಕೆ ಬೀಗ, ಊರಿಗೆ ಮತ್ತೆ ಗುಂಡಿ, ತಿಹೊಮಿರ್‌ಗೆ ಮತ್ತೆ ಟ್ಯಾಂಕರ್. ಹೆಗಲಿಗೆ ಒರಗುವವಳು ಮತ್ತೆ ದೂರ ನಿಲ್ಲುತ್ತಾಳಲ್ಲ ಎಂಬುದೇ ಅವನಿಗೆ ಎಲ್ಲಕ್ಕಿಂತ ದೊಡ್ಡ ಸಂಕಟವಾಗಿತ್ತು.

ಪರೀಕ್ಷೆಯ ದಿನ ಗೊತ್ತಾದ ವಾರವೇ ಊರ ಸಮಿತಿಯ ಅಧ್ಯಕ್ಷ ವುಕಾಶಿನ್ ಸಭೆ ಕರೆದ. "ಶಾಲೆಗೆ ಒಬ್ಬ ಕಾಯೋ ಸಂತ ಇದಾನೆ, ವರ್ಷಕ್ಕೊಂದು ಸ್ಲಾವಾ ಹಬ್ಬ ಇದೆ. ಹಾಲಿನ ಸೊಸೈಟಿಗೆ ಇದೆ. ಬೆಂಕಿ ಆರಿಸೋ ಲಾರಿಗೂ ಇದೆ. ನಮ್ಮ ಘಟಕ ಮಾತ್ರ ಅನಾಥ. ಪಾಸಾಗು ಅಂದ್ರೆ ಹೆಂಗಾಗತ್ತೆ?" ಸಭೆ ಹೌದು ಹೌದು ಎಂದಿತು. ನೀರನ್ನು ಕಾಯುವವನು ಸಂತ ನಿಕೊಲಾ. ಅವನ ಹಬ್ಬವನ್ನು ಅರ್ಧ ಊರು ಮಾಡುತ್ತದೆ, ಇನ್ನರ್ಧ ಊರು ಆ ಮನೆಗಳಿಗೆ ಊಟಕ್ಕೆ ಹೋಗುತ್ತದೆ. ಇನ್ನೊಬ್ಬ ಸಂತನನ್ನು ಹುಡುಕುವ ಗೋಜು ಯಾಕೆಂದು ಅವನನ್ನೇ ಘಟಕಕ್ಕೂ ಗೊತ್ತು ಮಾಡಿದರು. ಪರೀಕ್ಷೆ ಬಿದ್ದದ್ದೂ ಅದೇ ದಿನ. ಪಾದ್ರಿ ಬಂದು ಒಂದು ರೊಟ್ಟಿ ಕತ್ತರಿಸಿ, ಎರಡು ಹನಿ ಪವಿತ್ರ ಜಲ ಚಿಮುಕಿಸಿ ಹೋಗುತ್ತಾರೆ, ಅದರಿಂದ ಯಾರಿಗೇನು ನಷ್ಟ ಎಂದು ತಿಹೊಮಿರ್ ಒಪ್ಪಿಕೊಂಡ.

ಇಲ್ಲಿ ನೀಲಿ ಕ್ಯಾನಿನ ವಿಷಯವನ್ನೂ ಹೇಳಿಬಿಡಬೇಕು. ವಸಂತದಲ್ಲಿ ಡಾಕ್ಟರು ತಿಹೊಮಿರ್‌ನ ಬಿ.ಪಿ. ನೋಡಿ, ಇನ್ನು ಮೇಲೆ ಒಂದು ಹನಿ ರಾಕಿಯಾ ಕೂಡ ಮುಟ್ಟಬಾರದು ಎಂದಿದ್ದರು. ತನ್ನ ಹಿತ್ತಲಿನ ಪ್ಲಮ್ ಹಣ್ಣನ್ನು ತಾನೇ ಕೊಳೆಹಾಕಿ ತಾನೇ ಭಟ್ಟಿ ಇಳಿಸಿದ ರಾಕಿಯಾ! ದೆಸಾಂಕಾ ಅದೇ ದಿನ ಮನೆಯಲ್ಲಿದ್ದ ಬಾಟಲಿಗಳನ್ನೆಲ್ಲ ಅಣ್ಣನ ಮನೆಗೆ ಸಾಗಿಸಿದಳು. ಆದರೆ ಅವಳ ಕೈಗೆ ಸಿಗುವ ಮೊದಲೇ ಒಂದು ನೀಲಿ ಪ್ಲಾಸ್ಟಿಕ್ ಕ್ಯಾನು ಘಟಕದ ಶೆಡ್ಡು ಸೇರಿತ್ತು. ಒಮ್ಮೆ ಅವಳು ಬುತ್ತಿ ತಂದವಳು ಅದನ್ನು ಕಂಡು "ಇದೇನು?" ಎಂದಾಗ ತಿಹೊಮಿರ್ ರೆಪ್ಪೆ ಕೂಡ ಅಲುಗಿಸದೆ "ಪುಟಾಣಿಗಳ ಔಷಧಿ. ಅವಕ್ಕೆ ಹುಷಾರು ತಪ್ಪಿದ್ರೆ ಹಾಕೋದು. ಮುಟ್ಬೇಡ" ಎಂದಿದ್ದ. ಅಂದಿನಿಂದ ಪ್ರತಿ ಸಂಜೆ ಊಟಕ್ಕೆ ಮುಂಚೆ, "ಔಷಧಿ ಸರಿ ಇದ್ಯಾ ನೋಡ್ಕೊಂಡು ಬರ್ತೀನಿ" ಎಂದು ಹೊರಡುತ್ತಿದ್ದ. ಔಷಧಿ ಸರಿಯಾಗಿರುತ್ತಿತ್ತು. ನೋಡಿಕೊಂಡು ಬರುವವನೂ ಸರಿಯಾಗಿರುತ್ತಿದ್ದ. ಕ್ಯಾನು ಇಳಿದಾಗ ಹಳೆಯ ಗೆಳೆಯನೊಬ್ಬನ ಭಟ್ಟಿಯಿಂದ ಗುಟ್ಟಾಗಿ ತಂದು ತುಂಬಿಸುತ್ತಿದ್ದ. ಪರವಾನಗಿ ಸಿಕ್ಕ ಸಂಜೆ ಒಂದು ಗ್ಲಾಸು ಹೆಚ್ಚಿಗೆ ಎಂದು ಆಗಲೇ ತೀರ್ಮಾನಿಸಿಯೂ ಇದ್ದ.

ಹಬ್ಬದ ಬೆಳಿಗ್ಗೆ ತಿಹೊಮಿರ್ ಘಟಕದ ಗೇಟು ತೆಗೆದು ಒಳಗೆ ಕಾಲಿಟ್ಟವನು ಅಲ್ಲೇ ನಿಂತ. ಊರಿನ ಕೊಳಚೆ ಬಂದು ಬೀಳುವ ಕಾಲುವೆಯಿಂದ ಘಮಘಮ ವಾಸನೆ ಬರುತ್ತಿತ್ತು. ಒಳ್ಳೆಯ, ಹದವಾಗಿ ಇಳಿಸಿದ, ಹಿಪ್ಪುನೇರಳೆ ಮರದ ಪೀಪಾಯಿಯಲ್ಲಿ ಮಲಗಿ ಎದ್ದ ರಾಕಿಯಾದ ವಾಸನೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನು ಮೊದಲು ಶೆಡ್ಡಿಗೆ ಓಡಿ ಕ್ಯಾನು ನೋಡಿದ. ಬಿರಡೆ ಬಿಗಿಯಾಗಿತ್ತು, ಕ್ಯಾನು ತುಂಬಿತ್ತು. ಆಮೇಲೆ ತನ್ನ ಅಂಗೈಗೆ ಉಸಿರು ಬಿಟ್ಟು ಮೂಸಿದ. ತನ್ನದಲ್ಲ. ಮತ್ತೆ ಕಾಲುವೆಗೆ ಬಂದು ಬಗ್ಗಿದ. ಹೊಸ ಅಲೆ ಬಂತು. ಈ ಸಲ ಪಿಯರ್ ಹಣ್ಣಿನ ರಾಕಿಯಾ. ಊರಿನಲ್ಲಿ ಪಿಯರ್ ಹಣ್ಣಿನದು ಇಳಿಸುವುದು ಒಬ್ಬಳೇ. ಅವನಿಗೆ ಎಲ್ಲವೂ ಅರ್ಥವಾಯಿತು.

ಏದುಸಿರು ಬಿಡುತ್ತ ಅವಳ ಮನೆಗೆ ಹೋದಾಗ ರೂಜಾ ಅಜ್ಜಿ ಮೇಣದ ಬತ್ತಿ ಹಚ್ಚಿ, ಸಿಂಕಿನ ಮುಂದೆ ಗಂಭೀರವಾಗಿ ನಿಂತಿದ್ದಳು. ಕೈಯಲ್ಲಿ ಗ್ಲಾಸಿತ್ತು.

"ಅಜ್ಜೀ! ಏನ್ಮಾಡ್ತಿದೀಯ?"

"ಇವತ್ತು ಅವರ ಹಬ್ಬ ಅಲ್ವೇನೋ. ಸತ್ತೋರಿಗೇ ನೆಲಕ್ಕೆ ಎರಡು ಹನಿ ಬಿಡ್ತೀವಿ. ಬದುಕಿ ದುಡಿಯೋರಿಗೆ ಬಿಡಬಾರದಾ?" ಎಂದು ಅಜ್ಜಿ ಗ್ಲಾಸನ್ನು ಸಿಂಕಿಗೆ ಬಗ್ಗಿಸಿದಳು. "ಆಯುಷ್ಯ ಗಟ್ಟಿಯಾಗಿರಲಿ ಮಕ್ಕಳಾ."

"ಅವು ಸತ್ತು ಹೋಗ್ತವೆ ಅಜ್ಜಿ! ಇವತ್ತು ಪರೀಕ್ಷೆ!"

"ಒಂದು ಗುಟುಕಿಗೆ ಯಾರು ಸಾಯ್ತಾರೆ? ಎಂಬತ್ತು ದಾಟಿದೀನಿ, ನನ್ನ ನೋಡು." ಅಜ್ಜಿ ಗ್ಲಾಸು ಒರೆಸಿಟ್ಟಳು. "ಚರ್ಚಿನಲ್ಲಿ ಎಲ್ಲ ಹೆಂಗಸರಿಗೂ ಹೇಳಿದೀನಿ. ಪಾಪ, ಎಲ್ಲರೂ ಖುಷಿಯಿಂದ ಒಪ್ಕೊಂಡ್ರು."

ತಿಹೊಮಿರ್ ಬೀದಿಗೆ ಓಡಿದ. ಆದರೆ ಹಬ್ಬದ ದಿನ ಬೀದಿಯಲ್ಲಿ ಓಡುವುದು ಸುಲಭವಲ್ಲ. ಸ್ಲಾವಾ ಮನೆಯ ಬಾಗಿಲು ದಾಟಿದವನು ಬೇಯಿಸಿದ ಗೋಧಿಯ ಸಿಹಿ ಒಂದು ಚಮಚ ಬಾಯಿಗೆ ಹಾಕಿಕೊಳ್ಳದೆ ಮಾತು ಆಡುವಂತಿಲ್ಲ, ಕೂರದೆ ಹೊರಡುವಂತಿಲ್ಲ. ಮೊದಲ ಮನೆಯಲ್ಲಿ ಬಾಯಿ ತುಂಬ ಗೋಧಿ ಇಟ್ಟುಕೊಂಡು "ಸುರೀಬೇಡಿ! ಸುರೀಬೇಡಿ!" ಎಂದು ಕಿರುಚಿದ. ರಾಕಿಯಾ ಸುರಿಯಬೇಡಿ ಎನ್ನುತ್ತಿದ್ದಾನೆ, ಪಾಪ ಬಿ.ಪಿ. ಎಂದುಕೊಂಡು ಅವರು ಅವನಿಗೆ ಮೀನಿನ ಸಾರು ಬಡಿಸಿದರು. ಎರಡನೆಯ ಮನೆಯಲ್ಲಿ "ಒಂದೇ ಒಂದು ಗ್ಲಾಸು ಹಾಕಿದ್ದಪ್ಪಾ, ಜಾಸ್ತಿ ಇಲ್ಲ" ಎಂದರು. ಮೂರನೆಯ ಮನೆಯಲ್ಲಿ ಎರಡು ಹಾಕಿದ್ದರು, ಯಾಕೆಂದರೆ ಎರಡನೆಯ ಮನೆಯವರು ಒಂದು ಹಾಕಿದ್ದನ್ನು ಕಿಟಕಿಯಿಂದ ನೋಡಿದ್ದರು. ವುಕಾಶಿನ್‌ನ ಮನೆಯಲ್ಲಿ ಅಧ್ಯಕ್ಷರು ಸ್ನಾನದ ಮನೆಯಿಂದ ಆಗತಾನೆ ಹೊರಬಂದರು. ಕಂಕುಳಲ್ಲಿ ಎರಡು ಖಾಲಿ ಬಾಟಲಿ.

"ನಾನು ಅಧ್ಯಕ್ಷ ಮಾರಾಯ. ಎಲ್ಲರ ಹಾಗೆ ಗ್ಲಾಸಲ್ಲಿ ಕೊಟ್ರೆ ಊರೇನಂದೀತು?"

"ಊರು ಏನೂ ಅನ್ನಲ್ಲ, ಊರಿಗೆ ಬೀಗ ಬೀಳತ್ತೆ! ಅವಕ್ಕೆ ಅಮಲೇರಿರತ್ತೆ ಈಗ!"

ವುಕಾಶಿನ್‌ನ ಮುಖ ಬಿಳಿಚಿಕೊಂಡಿತು. ಪಾಪ, ಕೆಟ್ಟವನಲ್ಲ. ತನ್ನ ಮಗನಿಗೆ ಕೆಳಗಿನ ಲೆಸ್ಕಾದ ಹುಡುಗಿ ಗೊತ್ತಾಗಿದ್ದೇ ಹಳ್ಳ ತಿಳಿಯಾದ ಮೇಲೆ. ಆ ಉಪಕಾರಕ್ಕೇ ಅವನು ಎರಡು ಬಾಟಲಿ ಸುರಿದಿದ್ದ. "ಅಯ್ಯೋ, ನಮ್ಮ ಹುಡುಗರನ್ನ ನಾವೇ ಕುಡಿಸಿ ಕೆಡಿಸಿದ್ವಲ್ಲೋ," ಎಂದು ಚರ್ಚಿನ ಗಂಟೆ ಬಾರಿಸಲು ಓಡಿದ. ತಿಹೊಮಿರ್ ಬೇಡ ಬೇಡ ಎನ್ನುವಷ್ಟರಲ್ಲಿ ಗಂಟೆ ಹೊಡೆದಾಗಿತ್ತು.

ಸ್ವಲ್ಪ ಹೊತ್ತಿಗೆಲ್ಲ ಊರಿಗೆ ಊರೇ ಹಬ್ಬದ ಬಟ್ಟೆಯಲ್ಲಿ ತೊಟ್ಟಿಗಳ ಸುತ್ತ ನಿಂತಿತ್ತು. ಗಾಳಿ ಊದುವ ತೊಟ್ಟಿಯಲ್ಲಿ ಬಿಳಿ ನೊರೆ ಉಕ್ಕಿ ಅಂಚಿನವರೆಗೆ ಬಂದಿತ್ತು. ಎಲ್ಲರ ಮುಖದಲ್ಲೂ ಅಪರಾಧಿ ಭಾವ.

"ಬಾಯಲ್ಲಿ ನೊರೆ ಬರ್ತಿದೆ," ಎಂದಳು ರೂಜಾ ಅಜ್ಜಿ ಮೆಲ್ಲಗೆ.

"ಕಡುಕಾಫಿ ಹಾಕೋಣ್ವಾ?" ಎಂದಿತು ಒಂದು ದನಿ.

"ಕಾಫಿ ಹಾಕಿದ್ರೆ ನಿದ್ದೆ ಬರಲ್ಲ. ಮಲಗಿ ಏಳಲಿ ಬಿಡಿ," ಎಂದಿತು ಇನ್ನೊಂದು.

ಪಾದ್ರಿ ಗವ್ರಿಲೊ ಬೆಳಗಿನಿಂದ ಮನೆ ಮನೆಗೆ ಹೋಗಿ ಹಬ್ಬದ ರೊಟ್ಟಿ ಕತ್ತರಿಸಿ ಬಂದಿದ್ದರು. ಕತ್ತರಿಸಿದ ಪ್ರತಿ ಮನೆಯಲ್ಲೂ ಒಂದೊಂದು ಗ್ಲಾಸು ಮರ್ಯಾದೆಗೆಂದು ಸ್ವೀಕರಿಸಿದ್ದರಿಂದ ಈ ವಿಷಯದಲ್ಲಿ ಅವರ ಮಾತಿಗೆ ಬೆಲೆಯಿತ್ತು. ಅವರು ಗಡ್ಡ ನೀವಿಕೊಂಡು ತೀರ್ಪು ಕೊಟ್ಟರು: "ಅಮಲಿಗೆ ಔಷಧಿ ಒಂದೇ. ಎಲೆಕೋಸಿನ ಉಪ್ಪುನೀರು."

ಸಂತ ನಿಕೊಲಾನ ಹಬ್ಬದ ಹೊತ್ತಿಗೆ ಪ್ರತಿ ಮನೆಯ ನೆಲಮಾಳಿಗೆಯಲ್ಲೂ ಒಂದು ಪೀಪಾಯಿ ಎಲೆಕೋಸು ಹುಳಿತು ಹದಕ್ಕೆ ಬಂದಿರುತ್ತದೆ. ಕುಡಿದ ಮರುದಿನ ತಲೆ ಸಿಡಿಯುವವನಿಗೆ ಅದರ ಒಂದು ಲೋಟ ಹುಳಿ ನೀರು ಕೊಟ್ಟರೆ ಎದ್ದು ಕೂರುತ್ತಾನೆ. ಈ ವಿದ್ಯೆ ಊರಿನಲ್ಲಿ ತಲತಲಾಂತರದಿಂದ ಪರೀಕ್ಷೆಗೆ ಒಳಪಟ್ಟದ್ದು. ಜನ ಬಕೆಟ್ಟು ಹಿಡಿದು ಓಡಿದರು.

"ಬೇಡ್ರಪ್ಪಾ! ಕೈ ಮುಗೀತೀನಿ! ಉಪ್ಪು! ಹುಳಿ!" ತಿಹೊಮಿರ್ ಒಬ್ಬನ ಬಕೆಟ್ಟು ತಡೆದರೆ ಇನ್ನಿಬ್ಬರು ಹಿಂದಿನಿಂದ ಸುರಿದರು. ಒಬ್ಬಳು ಬಕೆಟ್ಟಿನ ಜೊತೆ ಎಣ್ಣೆಯಲ್ಲಿ ಬೆಂದ ಬೀನ್ಸ್ ಕಾಳಿನ ಪಾತ್ರೆಯನ್ನೂ ತಂದಿದ್ದಳು. "ಉಪವಾಸದ ಹಬ್ಬ, ಮೀನು ಆಗತ್ತೆ, ಮಾಂಸ ಆಗಲ್ಲ, ಅದಕ್ಕೇ ತಂದಿಲ್ಲ," ಎಂದು ವಿವರಣೆಯನ್ನೂ ಕೊಟ್ಟಳು.

ಅಷ್ಟರಲ್ಲಿ ಬೆಟ್ಟದ ತಿರುವಿನಲ್ಲಿ ಪಟ್ಟಣದ ಬಿಳಿ ಕಾರು ಕಾಣಿಸಿತು. ಇನ್‌ಸ್ಪೆಕ್ಟರ್ ಬೊಯಾನಾ! ಹೋದ ಎರಡು ಸಲವೂ ಒಂದು ಲೋಟ ನೀರೂ ಕುಡಿಯದೆ, ಪರೀಕ್ಷೆ ಮಾಡಿ, ಫೇಲು ಎಂದು ಬರೆದು ಹೋಗಿದ್ದ ಹೆಂಗಸು.

ತಿಹೊಮಿರ್‌ಗೆ ಬುದ್ಧಿ ಓಡಿದ್ದು ಆ ದಿನ ಆ ಒಂದೇ ಕ್ಷಣ. ಈ ನೊರೆ ಇಳಿಯಬೇಕಾದರೆ ಹೊತ್ತು ಬೇಕು. ಹೊತ್ತು ಕಳೆಯಬೇಕಾದರೆ ಸ್ಲಾವಾ ಊಟಕ್ಕಿಂತ ಒಳ್ಳೆಯ ಉಪಾಯವಿಲ್ಲ. ಅವನು ಗುಂಪಿನಲ್ಲಿದ್ದ ದೆಸಾಂಕಾಳ ಕೈ ಹಿಡಿದು, "ನೋಡು, ನಿನ್ನ ಕಾಲಿಗೆ ಬೀಳ್ತೀನಿ, ಇಲ್ಲೇ ನಿಂತಿರು. ಯಾರೂ ಏನೂ ಸುರೀಬಾರದು. ಪುಟಾಣಿಗಳು ನಿನ್ನ ಜವಾಬ್ದಾರಿ," ಎಂದು ಹೇಳಿ ಕಾರಿನೆದುರು ಹೋಗಿ ನಿಂತ.

"ಮೇಡಂ, ಮೊದಲು ಊಟ."

"ಊಟಕ್ಕೆ ಬಂದಿಲ್ಲ ನಾನು. ಪರೀಕ್ಷೆಗೆ ಬಂದಿದೀನಿ."

"ಸ್ಲಾವಾ ಮೇಡಂ. ಸಂತ ನಿಕೊಲಾನ ದಿನ ಬಾಗಿಲಿಗೆ ಬಂದೋರನ್ನ ಹಂಗೇ ಕಳಿಸಿದ್ರೆ ವರ್ಷವೆಲ್ಲ ಊರಿಗೆ ಒಳ್ಳೇದಾಗಲ್ಲ," ಎಂದ ವುಕಾಶಿನ್ ಕಾರಿನ ಇನ್ನೊಂದು ಬಾಗಿಲಿನಿಂದ. ಬೊಯಾನಾ ಎಷ್ಟು ಬಿಗಿಯಾದರೂ ಆ ನಾಡಿನವಳೇ. ಒಂದು ಚಮಚ ಗೋಧಿ ತಿಂದು ಎದ್ದು ಬರುತ್ತೇನೆ ಎಂದು ಕಾರಿಳಿದಳು.

ಒಂದು ಚಮಚ ಗೋಧಿ ತಿಂದದ್ದಾಯಿತು. ಮೀನಿನ ಸಾರು ಬಂತು. ಸಾರಿನ ಹಿಂದೆ ಹುರಿದ ಮೀನು, ಮೀನಿನ ಹಿಂದೆ ವಾಲ್‌ನಟ್ ತುಂಬಿದ ಕಡುಬು. ಬೊಯಾನಾ ಏಳುತ್ತೇನೆ ಎಂದಾಗಲೆಲ್ಲ ರೂಜಾ ಅಜ್ಜಿ ಅವಳ ತಟ್ಟೆಗೆ ಇನ್ನೊಂದಿಷ್ಟು ಹಾಕಿ, "ನಿಮ್ಮಮ್ಮ ನಿನ್ನ ಹಿಂಗೆ ಬಡಕಲಾಗಿ ನೋಡಿದ್ರೆ ನಮ್ಮನ್ನ ಬೈಯಲ್ವಾ?" ಎನ್ನುತ್ತಿದ್ದಳು. ಯಾರೋ ಅಕಾರ್ಡಿಯನ್ ತಂದರು. ತಿಹೊಮಿರ್ ಮಾತ್ರ ಮುಳ್ಳಿನ ಮೇಲೆ ಕೂತವನ ಹಾಗೆ ಕೂತು ಕಿಟಕಿಯಾಚೆ ನೋಡುತ್ತಿದ್ದ. ಚಳಿಗಾಲದ ಹೊತ್ತು ಬೇಗ ಇಳಿಯುತ್ತದೆ. ಎದುರಿನ ಬೆಟ್ಟದ ಮೇಲೆ ಬಿಸಿಲು ಕೆಂಪಾದಾಗ ಬೊಯಾನಾ ತಟ್ಟೆಯನ್ನು ಅಂಗೈಯಿಂದ ಮುಚ್ಚಿಕೊಂಡು ಎದ್ದೇಬಿಟ್ಟಳು.

ಘಟಕಕ್ಕೆ ಬಂದಾಗ ನೊರೆ ಇಳಿದಿತ್ತು. ತಿಹೊಮಿರ್ ಮನಸ್ಸಿನಲ್ಲೇ ಸಂತ ನಿಕೊಲಾನಿಗೆ ಕೈ ಮುಗಿದ. ಆಮೇಲೆ ದೆಸಾಂಕಾಳನ್ನು ನೋಡಿದ. ಅವಳು ಗಾಳಿ ಊದದ ಇನ್ನೊಂದು ತೊಟ್ಟಿಯ ಪಕ್ಕ ನಿಂತಿದ್ದಳು. ಅವಳ ಕೈಯಲ್ಲಿ ನೀಲಿ ಕ್ಯಾನು ತಲೆಕೆಳಗಾಗಿ ತೂಗುತ್ತಿತ್ತು.

"ಹೆದರಬೇಡ ಮಾರಾಯ," ಎಂದಳು ಅವಳು, ಮುಖದ ತುಂಬ ಬೆಳಕು. "ನೀನು ಆ ಕಡೆ ಹೋಗಿದ್ದೇ ತಡ, ನೊರೆ ಇನ್ನೂ ಜಾಸ್ತಿ ಆಯ್ತು. ನೋಡೋಕೆ ಆಗ್ಲಿಲ್ಲ. ನಿನ್ನ ಔಷಧಿ ನೆನಪಾಯ್ತು. ನೊರೆ ಇಲ್ಲದ ಈ ತೊಟ್ಟಿಗೆ ಹಾಕ್ದೆ."

"ಎಷ್ಟು?" ಎಂದು ತಿಹೊಮಿರ್ ಕ್ಯಾನನ್ನು ಅಲುಗಿಸಿ ನೋಡಿದ.

"ಎಲ್ಲಾ. ಕೊನೇಗೆ ನೀರು ಹಾಕಿ ಕುಲುಕಿ, ಅದನ್ನೂ ಹಾಕ್ದೆ. ಪಾಪ, ಇಷ್ಟು ವರ್ಷ ನಮ್ಮ ಕಿಟಕಿ ಕೆಳಗಿದ್ದ ಗುಂಡಿ ಮುಚ್ಚಿಸಿದೋರು. ಅವಕ್ಕೆ ಮಾಡದೆ ಇನ್ಯಾರಿಗೆ ಮಾಡೋದು?"

ತಿಹೊಮಿರ್‌ಗೆ ಅದು ಬಾಯಿಗೆ ಬಿದ್ದ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಅಳೋಣವೆಂದರೆ ಏನೆಂದು ಅಳುವುದು? ಬೈಯೋಣವೆಂದರೆ ಏನೆಂದು ಬೈಯುವುದು? ಊರೆಲ್ಲ ಸೇರಿ ಗ್ಲಾಸು ಗ್ಲಾಸು ಹಾಕಿದ್ದಕ್ಕಿಂತ ಹೆಚ್ಚನ್ನು ಅವನ ಹೆಂಡತಿ ಒಬ್ಬಳೇ ಹಾಕಿದ್ದಳು. ಮುಗಿಯಿತು, ಇನ್ನು ನಾಳೆ ಟ್ರ್ಯಾಕ್ಟರಿನ ಗಾಲಿಗೆ ಗಾಳಿ ಹಾಕಬೇಕು ಎಂದುಕೊಂಡು ಅವನು ಹಳ್ಳದ ಕಡೆ ತಿರುಗಿ ನಿಂತ. ನೀರು ತಣ್ಣಗೆ ಹರಿಯುತ್ತಿತ್ತು. ಅದನ್ನು ನೋಡುವಾಗ ಅವನಿಗೆ ಕಣ್ಣು ತುಂಬಿ ಬಂತು. ರಾಕಿಯಾ ಹೋದದ್ದಕ್ಕೂ ಸ್ವಲ್ಪ ಇರಬಹುದು, ಆದರೆ ಹೆಚ್ಚಿನದು ಹಳ್ಳಕ್ಕೇ.

ಬೊಯಾನಾ ಹೊರಬೀಳುವ ನೀರನ್ನು ಗಾಜಿನ ನಳಿಕೆಯಲ್ಲಿ ಹಿಡಿದು ಅದಕ್ಕೆ ಪುಡಿ ಹಾಕಿ ಕುಲುಕಿದಳು. ನೈಟ್ರೇಟ್ ಹೆಚ್ಚಿದ್ದರೆ ನೀರು ಕೆಂಪಾಗಬೇಕು. ಹೋದ ಎರಡು ಸಲವೂ ಬೀಟ್‌ರೂಟ್ ಬೇಯಿಸಿದ ಹಾಗಾಗಿತ್ತು. ಊರು ಉಸಿರು ಬಿಗಿಹಿಡಿದು ನಿಂತಿತು. ಪಾದ್ರಿಗಳು ಕಣ್ಣು ಮುಚ್ಚಿ ತುಟಿ ಅಲುಗಿಸುತ್ತಿದ್ದರು.

ನೀರು ಕೆಂಪಾಗಲಿಲ್ಲ. ಬಹಳ ಹೊತ್ತು ನೋಡಿದರೆ, ಹಸುಗೂಸಿನ ಉಗುರಿನಷ್ಟು ಗುಲಾಬಿ.

ಬೊಯಾನಾ ಹುಬ್ಬು ಗಂಟಿಕ್ಕಿದಳು. ಇನ್ನೊಂದು ನಳಿಕೆ ತೆಗೆದು ಮತ್ತೆ ಮಾಡಿದಳು. ಮತ್ತೂ ಅದೇ. ಆಮೇಲೆ ಮೂಗೆತ್ತಿ ಗಾಳಿಯನ್ನು ಮೂಸಿದಳು.

"ನಿಜ ಹೇಳಿ. ತೊಟ್ಟಿಗೆ ಏನು ಹಾಕಿದೀರಿ?"

ಇಡೀ ಮೇಲಿನ ಲೆಸ್ಕಾ ಆಕಾಶ ನೋಡಿತು. ದೆಸಾಂಕಾ ಮಾತ್ರ ಹೆಮ್ಮೆಯಿಂದ ಮುಂದೆ ಬಂದಳು. "ನನ್ನ ಗಂಡನ ಔಷಧಿ ಮೇಡಂ. ಪುಟಾಣಿಗಳಿಗೆ ಅಂತಾನೇ ಇಟ್ಕೊಂಡಿದ್ದ. ಯಾರಿಗೂ ಮುಟ್ಟೋಕೆ ಬಿಡ್ತಿರ್ಲಿಲ್ಲ."

ಬೊಯಾನಾ ಕ್ಯಾನಿನ ಬಾಯಿಗೆ ಮೂಗಿಟ್ಟಳು. ತಿಹೊಮಿರ್ ಕಣ್ಣು ಮುಚ್ಚಿಕೊಂಡ. ತೆರೆದಾಗ ಅವಳು ನಗುತ್ತಿದ್ದಳು. ಆ ಹೆಂಗಸು ನಗಬಲ್ಲಳು ಎಂಬುದೇ ಊರಿಗೆ ಹೊಸ ಸುದ್ದಿ.

"ನಿಮಗೆ ಇದನ್ನ ಹೇಳ್ಕೊಟ್ಟೋರು ಯಾರು ತಿಹೊಮಿರ್? ನಿಮ್ಮ ಬ್ಯಾಕ್ಟೀರಿಯಾ ಉಪವಾಸ ಇದ್ವು! ರೊಟ್ಟಿ ಸಾರು ಮಿಕ್ಕಿದ್ದು, ಮಜ್ಜಿಗೆ, ಎಲ್ಲ ನೀವು ಹಂದಿಗೆ ಹಾಕ್ತೀರಿ. ಕೊಳಚೇಲಿ ಬರೀ ನೀರು ಬರತ್ತೆ. ಗಾಳಿ ಇಲ್ಲದ ಈ ತೊಟ್ಟಿಲಿ ನೈಟ್ರೇಟ್ ಒಡೀಬೇಕಾದ್ರೆ ಅವಕ್ಕೆ ಜೊತೇಲಿ ಬೇರೆ ಆಹಾರ ಬೇಕು. ದೊಡ್ಡ ಪಟ್ಟಣದ ಘಟಕಗಳಲ್ಲಿ ಅದಕ್ಕಂತಾನೇ ಆಲ್ಕೋಹಾಲ್ ತರಿಸಿ ಹಾಕ್ತಾರೆ. ನೀವು ಮನೆಯದನ್ನೇ ಹಾಕಿದೀರಿ. ಪಾಸು!"

"ನಾನು ಆವತ್ತೇ ಹೇಳ್ಲಿಲ್ವಾ," ಎಂದಳು ರೂಜಾ ಅಜ್ಜಿ. "ದುಡಿಯೋರನ್ನ ಹಸಿದ ಹೊಟ್ಟೇಲಿ ಇಟ್ಟಿದ್ದ ಇವನು."

ಆಮೇಲಿನ ಗದ್ದಲ ಹೇಳಲಿಕ್ಕಾಗದು. ವುಕಾಶಿನ್ ತಿಹೊಮಿರ್‌ನನ್ನು ಅಪ್ಪಿಕೊಂಡು ಅತ್ತ. ಕೆಳಗಿನ ಲೆಸ್ಕಾದ ಬೀಗರಿಗೆ ಫೋನು ಹೋಯಿತು. ಹೆಂಗಸರು ಒಬ್ಬೊಬ್ಬರಾಗಿ ತೊಟ್ಟಿಯ ಅಂಚಿಗೆ ಬಂದು, ಒಳಗೆ ಇಣುಕಿ, "ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ" ಎಂದು ಹೇಳಿ ಹೋದರು. ತಿಹೊಮಿರ್‌ನ ಎದೆಯೂ ತುಂಬಿ ಬಂದಿತ್ತು. ಹೋಗಲಿ ಬಿಡು, ಒಂದು ಕ್ಯಾನು ಹೋದರೆ ಹೋಯಿತು, ಬಟ್ಟಲು ಬಟ್ಟಲು ಕುಡಿದು ನಮ್ಮ ಮಾನ ಉಳಿಸಿದಿರಲ್ಲ, ಋಣ ತೀರಿಸಲಾರೆ ಎಂದು ಅವನೂ ಮನಸ್ಸಿನಲ್ಲಿ ಪುಟಾಣಿಗಳಿಗೆ ಹೇಳಿದ. ಮನಃಪೂರ್ವಕವಾಗಿಯೇ ಹೇಳಿದ. ಇನ್ನೊಂದು ಕ್ಯಾನು ತುಂಬಿಸುವುದು ಎಷ್ಟರ ಮಾತು?

ಪರವಾನಗಿಗೆ ಸಹಿ ಹಾಕಲು ಬೊಯಾನಾ ಶೆಡ್ಡಿನೊಳಗೆ ಬಂದಳು. ಕ್ಯಾನು ಇದ್ದ ಜಾಗದ ಮೇಲೆ ಮೊಳೆಗೆ ಒಂದು ಸಣ್ಣ ಗ್ಲಾಸು ತೂಗುಹಾಕಿತ್ತು.

"ಇದು?"

"ಅಳತೆಗೆ ಮೇಡಂ," ಎಂದ ತಿಹೊಮಿರ್.

ಅವಳು ಗ್ಲಾಸನ್ನು ಬೆಳಕಿಗೆ ಹಿಡಿದಳು. ಅಂಚಿಗೆ ಒಂದು ನರೆತ ಕೂದಲು ಅಂಟಿತ್ತು. ಅವಳು ಒಮ್ಮೆ ಕೂದಲನ್ನೂ ಒಮ್ಮೆ ತಿಹೊಮಿರ್‌ನ ಮೀಸೆಯನ್ನೂ ನೋಡಿ, ಇತರರಿಗೆ ಕೇಳದ ಹಾಗೆ, "ನಿಮ್ಮ ಬ್ಯಾಕ್ಟೀರಿಯಾಗಳಿಗೆ ಮೀಸೆ ಬೇರೆ ಇದ್ಯಾ?" ಎಂದಳು. ಆಮೇಲೆ ಗಟ್ಟಿಯಾಗಿ ಎಲ್ಲರಿಗೂ ಹೇಳಿದಳು: "ಒಂದು ಷರತ್ತು. ಈ ಔಷಧಿ ದಿನಾ ಸಂಜೆ ತಪ್ಪದೆ ಹಾಕಬೇಕು. ಒಂದು ದಿನ ತಪ್ಪಿದ್ರೂ ನೈಟ್ರೇಟ್ ಮತ್ತೆ ಏರತ್ತೆ. ಕ್ಯಾನು ಬೀಗದಲ್ಲಿರಬೇಕು. ಕೀಲಿ ಮಾತ್ರ ಘಟಕ ನೋಡ್ಕೊಳ್ಳೋನ ಹತ್ತಿರ ಇರಬಾರದು. ಯಾರು ಇಟ್ಕೋತೀರಿ?"

"ಕೊಡಿ ಇಲ್ಲಿ," ಎಂದಳು ದೆಸಾಂಕಾ.

ಕಾರು ಬೆಟ್ಟದ ತಿರುವಿನಲ್ಲಿ ಮರೆಯಾಗುವ ಮೊದಲೇ ಊರು ಅಲ್ಲೇ ಪ್ರತಿಜ್ಞೆ ಮಾಡಿತು. ಸರದಿಯ ಪ್ರಕಾರ ಪ್ರತಿ ಮನೆಯೂ ಪುಟಾಣಿಗಳಿಗೆ ರಾಕಿಯಾ ಕೊಡಬೇಕು, ಕೊಡುವುದಾದರೆ ಮನೆಯಲ್ಲಿರುವುದರಲ್ಲಿ ಅತ್ಯುತ್ತಮವಾದದ್ದನ್ನೇ ಕೊಡಬೇಕು, ನೀರು ಬೆರೆಸಿದವನನ್ನು ಸಂತ ನಿಕೊಲಾ ನೋಡಿಕೊಳ್ಳುತ್ತಾನೆ. ಮೊದಲ ಸರದಿ ವುಕಾಶಿನ್‌ನದು. ಮಗ ಹುಟ್ಟಿದ ವರ್ಷ ಪೀಪಾಯಿಗೆ ತುಂಬಿ, ಮದುವೆಗೆಂದು ಇಟ್ಟಿದ್ದ ರಾಕಿಯಾದಿಂದ ಅವನು ಒಂದು ಹೂಜಿ ತಂದ. ಮದುವೆ ಗೊತ್ತಾದದ್ದೇ ಇವರಿಂದ, ಮೊದಲ ಹನಿ ಇವರಿಗೇ ಸಲ್ಲಬೇಕು ಎಂದ. ಬಿರಡೆ ತೆಗೆದಾಗ ಶೆಡ್ಡಿನ ತುಂಬ ಹಣ್ಣಾದ ಪ್ಲಮ್ ತೋಟ ಬಂದು ನಿಂತ ಹಾಗಾಯಿತು. ಅಂಥದ್ದನ್ನು ತಿಹೊಮಿರ್ ತನ್ನ ಜನ್ಮದಲ್ಲಿ ಮೂಸಿರಲಿಲ್ಲ.

ದೆಸಾಂಕಾ ಅಳೆದು ಅಳೆದು ತೊಟ್ಟಿಗೆ ಸುರಿದಳು. ಲಾಟೀನು ಹಿಡಿಯುವ ಕೆಲಸ ತಿಹೊಮಿರ್‌ನದು. ಚಿನ್ನದ ಬಣ್ಣದ ಧಾರೆ ಕಪ್ಪು ನೀರಿಗೆ ಬೀಳುವುದನ್ನು ಅವನು ಕೊನೆಯ ಹನಿಯವರೆಗೂ ನೋಡಿದ.

"ವಸಂತದಿಂದಾನೂ ಗೊತ್ತು ನನಗೆ," ಎಂದಳು ದೆಸಾಂಕಾ ಅವನಿಗಷ್ಟೇ ಕೇಳುವ ಹಾಗೆ, ಕೀಲಿಯನ್ನು ಕೊರಳಿನ ಶಿಲುಬೆಯ ಪಕ್ಕ ದಾರಕ್ಕೆ ಪೋಣಿಸುತ್ತ. "ಯಾವ ಔಷಧಿ ನೋಡ್ಕೊಂಡು ಬಂದೋನು ದಾರೀಲಿ ಹಾಡು ಹೇಳ್ಕೊಂಡು ಬರ್ತಾನೆ? ಬಾಯಿ ಬಿಟ್ಟು ಹೇಳೋಕೆ ಮನಸ್ಸಾಗ್ಲಿಲ್ಲ. ಊರೆಲ್ಲ ಸುರಿದ ಮೇಲೆ ಇದೊಂದು ಕ್ಯಾನು ಲೆಕ್ಕವಾ ಅಂದ್ಕೊಂಡೆ. ಇವತ್ತು ದೇವರೇ ದಾರಿ ತೋರಿಸಿದ," ಎಂದು ಅವನ ಹೆಗಲಿಗೆ ಒರಗಿದಳು.

ಹೊರಗೆ ಊರು ಗ್ಲಾಸುಗಳನ್ನು ತುಂಬಿಸಿಕೊಳ್ಳುತ್ತಿತ್ತು. "ಎಲ್ಲರ ಕೈಯಲ್ಲೂ ಇದ್ಯಾ?" ಎಂದು ಕೂಗಿದ ವುಕಾಶಿನ್. "ನಮ್ಮ ತಿಹೊಮಿರ್‌ಗೆ ಕೊಡ್ರೋ! ಇವತ್ತಿನ ಮದುಮಗ ಅವನು!"

"ಅವನಿಗೆ ಬಿ.ಪಿ. ಇದೆ," ಎಂದಳು ದೆಸಾಂಕಾ. "ಎಲೆಕೋಸಿನ ನೀರು ಮಿಕ್ಕಿದ್ಯಲ್ಲಾ?"

ಮಿಕ್ಕಿತ್ತು, ಅರ್ಧ ಬಕೆಟ್ಟು. ರೂಜಾ ಅಜ್ಜಿ ಮೊಳೆಯ ಮೇಲಿದ್ದ ಅದೇ ಸಣ್ಣ ಗ್ಲಾಸನ್ನು ತೆಗೆದು, ಸೆರಗಿನಂತಿದ್ದ ತನ್ನ ತಲೆವಸ್ತ್ರದ ತುದಿಯಿಂದ ಒರೆಸಿ, ತುಂಬಿಸಿ ಅವನ ಕೈಗಿಟ್ಟಳು. ಊರು ಪುಟಾಣಿಗಳ ಆರೋಗ್ಯಕ್ಕೆಂದು ಗ್ಲಾಸು ಎತ್ತಿತು. ತೊಟ್ಟಿಯೊಳಗಿಂದ ಸಣ್ಣಗೆ ಗುಳುಕ್ ಎಂದು ಒಂದು ಸದ್ದು ಬಂತು.

ತಿಹೊಮಿರ್ ಕಣ್ಣು ಮುಚ್ಚಿಕೊಂಡು ತನ್ನ ಪಾಲಿನದನ್ನು ಕುಡಿದ. ತುಂಬ ಹುಳಿಯಾಗಿತ್ತು.